ಹೆರಾಲ್ಡ್ ಬ್ಲೂಟೂತ್: ಕಲ್ಲಿನ ಮಾತು, ಮರದ ಸಾಕ್ಷ್ಯ



ತಂತಿಯ ನೆರವಿಲ್ಲದೆ ಉಪಕರಣಗಳನ್ನು ಬೆಸೆಯುವ ‘ಬ್ಲೂಟೂತ್’ ನಿಮಗೆಲ್ಲ ಗೊತ್ತು. ಇದು ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ಅರಸನ ಅಡ್ಡಹೆಸರು. ನೀಲಿ ಹಲ್ಲಿನವನು ಎಂದು ಅದರ ಅರ್ಥ. ಚದುರಿದ ನಾಡುಗಳನ್ನು ಅವನು ಒಂದುಗೂಡಿಸಿದನೆಂಬ ಖ್ಯಾತಿಯನ್ನು ನೆನೆದು 1997ರಲ್ಲಿ ಇಂಜಿನಿಯರುಗಳು ಈ ಹೆಸರನ್ನು ಆರಿಸಿಕೊಂಡರು.

ಈ ಖ್ಯಾತಿಗೆ ಆಧಾರವೇನು? ಡೆನ್ಮಾರ್ಕಿನ ಯೆಲ್ಲಿಂಗ್ ಎಂಬ ಊರಿನಲ್ಲಿ ಹೆರಾಲ್ಡ್ ನಿಲ್ಲಿಸಿದ ದೊಡ್ಡದೊಂದು ಶಿಲಾಶಾಸನವಿದೆ. ತಂದೆ ಗೋರ್ಮ್ ಮತ್ತು ತಾಯಿ ಥೈರಾ ಅವರ ಸ್ಮರಣೆಗಾಗಿ ಕೆತ್ತಿಸಿದ ಆ ಶಾಸನದಲ್ಲಿ, ತಾನು ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದೆನೆಂದೂ ಡೇನ್ ಜನರನ್ನು ಕ್ರೈಸ್ತರನ್ನಾಗಿ ಮಾಡಿದೆನೆಂದೂ ಅವನು ಹೇಳಿಕೊಂಡಿದ್ದಾನೆ. ಆದರೆ ಅರಸನೊಬ್ಬ ತನ್ನನ್ನು ತಾನೇ ಹೊಗಳಿಕೊಂಡರೆ ಅಷ್ಟನ್ನೇ ನಂಬಿ ಚರಿತ್ರೆ ಬರೆಯಲಾದೀತೇ?

ಇಲ್ಲಿ ವಿಜ್ಞಾನ ನೆರವಿಗೆ ಬರುತ್ತದೆ. ಓಕ್ ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಹವೆ ಅನುಕೂಲವಾದ ವರ್ಷ ಅದು ಅಗಲ, ಪ್ರತಿಕೂಲವಾದ ವರ್ಷ ಕಿರಿದು. ಹಳೆಯ ತೊಲೆಯ ಉಂಗುರಗಳ ಕ್ರಮವನ್ನು ಕಾಲ ಗೊತ್ತಿರುವ ಕ್ರಮದೊಂದಿಗೆ ಹೋಲಿಸಿ ನೋಡಿದರೆ, ತೊಗಟೆಯ ಅಂಚು ಉಳಿದಿದ್ದಲ್ಲಿ ಮರ ಕಡಿದ ವರ್ಷವೇ ತಿಳಿಯುತ್ತದೆ.

ಈ ವಿಧಾನದಿಂದ ಯೆಲ್ಲಿಂಗ್ ದಿಬ್ಬದೊಳಗಿನ ಸಮಾಧಿ ಕೋಣೆಯ ಮರ ಸುಮಾರು 958ರದೆಂದು ತಿಳಿಯಿತು. ಟ್ರೆಲ್ಲೆಬೊರ್ಗ್ ಎಂಬ ವೃತ್ತಾಕಾರದ ಕೋಟೆಯ ಮರಗಳನ್ನು 980 ಮತ್ತು 981ರ ಸುಮಾರಿಗೆ ಕಡಿಯಲಾಗಿತ್ತು. ರಾವ್ನಿಂಗ್ ಎಂಗೆಯ ಜೌಗು ನೆಲದ ಮೇಲೆ ಸುಮಾರು 760 ಮೀಟರ್ ಉದ್ದದ ಮರದ ಸೇತುವೆ ಎದ್ದದ್ದೂ ಅದೇ ಸುಮಾರಿಗೆ. ಇಷ್ಟು ದೊಡ್ಡ ಕೆಲಸಗಳನ್ನು ಕೆಲವೇ ವರ್ಷಗಳಲ್ಲಿ ಮಾಡಿಸಬಲ್ಲ ಅರಸನ ಕೈಯಲ್ಲಿ ಅಪಾರ ಅಧಿಕಾರವಿತ್ತು ಎಂಬುದು ನಿಜ. ಶಾಸನದ ಮಾತು ಬರಿಯ ಜಂಬವಲ್ಲ.

ಆದರೆ ಮರ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಸೇತುವೆಯಲ್ಲಾಗಲಿ ಕೋಟೆಗಳಲ್ಲಾಗಲಿ ಮತ್ತೆ ಮತ್ತೆ ದುರಸ್ತಿ ನಡೆದ ಗುರುತಿಲ್ಲ. ಅವು ಬಹುಬೇಗ ಬಳಕೆ ತಪ್ಪಿದವು. ಕಾಡು ಕಡಿದು, ಮಣ್ಣು ಹೊತ್ತು ಅವನ್ನು ಕಟ್ಟಿದ ಹೊರೆ ಸಾಮಾನ್ಯರ ಹೆಗಲ ಮೇಲೆ ಬಿದ್ದಿರಲೇಬೇಕು. 987ರ ಸುಮಾರಿಗೆ ಹೆರಾಲ್ಡನ ಮಗ ಸ್ವೆನ್ ತಂದೆಯ ವಿರುದ್ಧವೇ ದಂಗೆ ಎದ್ದ. ಗಾಯಗೊಂಡ ಮುದಿ ಅರಸ ನಾಡು ಬಿಟ್ಟು ಓಡಿ ಪರನೆಲದಲ್ಲಿ ಪ್ರಾಣಬಿಟ್ಟ. ಇದಾವುದೂ ಯೆಲ್ಲಿಂಗಿನ ಕಲ್ಲಿನ ಮೇಲಿಲ್ಲ.

ಹಾಗೆಂದು ಅವನ ಸಾಧನೆ ಅಳಿಯಲಿಲ್ಲ. ಅವನು ಕಟ್ಟಿದ ರಾಜ್ಯ ಉಳಿಯಿತು. ಮೊಮ್ಮಗ ಕ್ನೂಟ್ 1016ರಲ್ಲಿ ಇಂಗ್ಲೆಂಡಿಗೂ ಅರಸನಾದ. ಯೆಲ್ಲಿಂಗ್ 1994ರಲ್ಲಿ, ಐದು ವೃತ್ತಕೋಟೆಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮಿತ್ರರೇ, ಚರಿತ್ರೆಯನ್ನು ಓದುವಾಗ ಕಲ್ಲು ಏನು ಹೇಳುತ್ತದೆ ಎಂದು ಕೇಳಿ. ಅದನ್ನು ಬರೆಸಿದವರು ಯಾರು ಎಂದೂ ಕೇಳಿ. ಆಮೇಲೆ, ಬರೆಯಲು ಬಾರದ ಮರವನ್ನೂ ಮಾತನಾಡಿಸಿ.