ಗೌಟ್: ಕೀಲುನೋವಿನ ಒಂದು ಬಗೆಯನ್ನು ಅರಿಯುವುದು

(ಅಧ್ಯಾಪಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕೀಲುಗಳಲ್ಲಿ ನೋವು ಕಾಣಿಸಿಕೊಂಡೊಡನೆ ಅದನ್ನು ‘ವಾತ’ವೆಂದು ಕರೆದು ಸುಮ್ಮನಾಗುವುದು ನಮ್ಮ ಜನರಲ್ಲಿ ರೂಢಿ. ಆದರೆ ಈ ಒಂದೇ ಹೆಸರಿನ ಮರೆಯಲ್ಲಿ ಅನೇಕ ರೋಗಗಳು ಅಡಗಿವೆ. ಅವುಗಳಲ್ಲಿ ಕಾರಣವು ಸ್ಪಷ್ಟವಾಗಿ ತಿಳಿದಿರುವ, ಚಿಕಿತ್ಸೆಗೆ ಚೆನ್ನಾಗಿ ಮಣಿಯುವ ರೋಗವೊಂದುಂಟು, ಅದೇ ಗೌಟ್.

ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತುವು ವಿಭಜನೆಗೊಂಡಾಗ ಯೂರಿಕ್ ಆಮ್ಲ ಉಂಟಾಗುತ್ತದೆ. ಅದನ್ನು ಹೊರಹಾಕುವ ಕಾರ್ಯ ಬಹುಪಾಲು ಮೂತ್ರಪಿಂಡಗಳದು. ರಕ್ತದಲ್ಲಿ ಅದರ ಪ್ರಮಾಣವು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಮೀರಿದರೆ ಕೀಲುಗಳಲ್ಲಿ ಸೂಜಿಯಾಕಾರದ ಹರಳುಗಳು ಕಟ್ಟಿಕೊಳ್ಳಬಹುದು. 1679ರಲ್ಲಿಯೇ ಲೇವನ್‌ಹುಕ್ ಎಂಬ ಡಚ್ ವಿಜ್ಞಾನಿಯು ಗೌಟ್ ಗಂಟಿನೊಳಗಿನ ಇಂಥ ಹರಳುಗಳನ್ನು ಸೂಕ್ಷ್ಮದರ್ಶಕದ ಮೂಲಕ ಕಂಡನು. ದೇಹದ ರಕ್ಷಣಾಕಣಗಳು ಈ ಹರಳುಗಳ ಮೇಲೆರಗಿದಾಗ ಉರಿಯೂತ ಹುಟ್ಟುತ್ತದೆ.

ನೋವು ಹೆಚ್ಚಾಗಿ ರಾತ್ರಿಯಲ್ಲಿ, ಕಾಲಿನ ಹೆಬ್ಬೆರಳಿನ ಬುಡದಲ್ಲಿ ಥಟ್ಟನೆ ಆರಂಭವಾಗುತ್ತದೆ. ಕೀಲು ಕೆಂಪಾಗಿ ಊದಿ, ಹೊದಿಕೆಯ ಸೋಂಕನ್ನೂ ಸಹಿಸದಂತಾಗುತ್ತದೆ. ಒಂದೆರಡು ವಾರಗಳಲ್ಲಿ ಅದು ತಾನಾಗಿಯೇ ಶಮನವಾಗುವುದುಂಟು. ಮೋಸವಿರುವುದು ಇಲ್ಲಿಯೇ. ನೋವು ಹೋದರೂ ಹರಳುಗಳು ಉಳಿದಿರುತ್ತವೆ. ಅಲಕ್ಷಿಸಿದರೆ ಕೀಲು ಕೆಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ನೋವಿರುವಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಆಮ್ಲವು ಸಹಜವಾಗಿ ತೋರುವುದೂ ಉಂಟಾದ್ದರಿಂದ, ಕೆಲವು ವಾರಗಳ ಬಳಿಕ ಪುನಃ ಪರೀಕ್ಷಿಸಬೇಕು.

ಚಿಕಿತ್ಸೆ ಎರಡು ತೆರನಾದುದು. ಉರಿಯೂತವನ್ನು ತಣಿಸುವ ಔಷಧ ಕೆಲವು ದಿನಗಳಿಗೆ ಸಾಕು. ಆಮ್ಲವನ್ನು ತಗ್ಗಿಸುವ ಅಲೋಪ್ಯೂರಿನಾಲ್‌ನಂತಹ ಔಷಧವನ್ನಾದರೋ ವೈದ್ಯರ ಸಲಹೆಯಂತೆ ದೀರ್ಘಕಾಲ ಸೇವಿಸಬೇಕಾಗುತ್ತದೆ. ಅಂಗಡಿಯಿಂದ ತಂದ ನೋವಿನ ಗುಳಿಗೆಗಳನ್ನೇ ನಂಬಿದರೆ ಮೂತ್ರಪಿಂಡಗಳಿಗೆ ಹಾನಿ. ಮದ್ಯ, ಮಾಂಸ, ಸಿಹಿ ಪಾನೀಯಗಳು ರೋಗವನ್ನು ಕೆರಳಿಸುವುದು ನಿಜ. ಆದರೂ ವಂಶಗುಣ ಮತ್ತು ಮೂತ್ರಪಿಂಡಗಳ ಸ್ಥಿತಿಯೇ ಬಹಳಷ್ಟನ್ನು ನಿರ್ಧರಿಸುವುದರಿಂದ ರೋಗಿಯನ್ನು ತಿಂಡಿಪೋತನೆಂದು ಹಳಿಯಲಾಗದು. ಜ್ವರದೊಡನೆ ಕೀಲು ಊದಿದರೆ ಅದು ಕೀಲಿಗೆ ತಗಲಿದ ಸೋಂಕಾಗಿರಬಹುದು. ಅಂದೇ ವೈದ್ಯರನ್ನು ಕಾಣಬೇಕು.

ಗಡಿನಾಡಿನ ಅಧ್ಯಾಪಕರಿಗೆ ಇಲ್ಲೊಂದು ವಿಶೇಷ ಹೊಣೆಯಿದೆ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಆದವಾನಿಗಳಲ್ಲಿ ವೈದ್ಯರ ಭಾಷೆ ಬೇರೆಯಾಗಿರಬಹುದು. ‘ವಾತ’ವೆಂಬ ಪದ ಮಲಯಾಳ, ತಮಿಳು, ಮರಾಠಿ, ತೆಲುಗುಗಳಲ್ಲಿಯೂ ಉಂಟು, ಅಲ್ಲಿಯೂ ಅದು ಅಷ್ಟೇ ಅಸ್ಪಷ್ಟ. ಆದ್ದರಿಂದ ಆರೋಗ್ಯ ಪಾಠದಲ್ಲಿ ಮಕ್ಕಳಿಗೆ ರೋಗದ ಹೆಸರಿಗಿಂತ ಅದರ ವಿವರಣೆಯನ್ನು ಕಲಿಸೋಣ: ನೋವು ಯಾವ ಕೀಲಿನಲ್ಲಿ, ಯಾವ ಹೊತ್ತಿನಲ್ಲಿ ಆರಂಭವಾಯಿತು, ಹಿಂದೆಯೂ ಬಂದಿತ್ತೇ, ಎಷ್ಟು ದಿನವಿತ್ತು, ಯಾವ ಔಷಧ ಸೇವಿಸಲಾಗಿದೆ? ಇವನ್ನು ಕನ್ನಡದಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಹೇಳಬಲ್ಲ ಮಗುವು ತನ್ನ ಅಜ್ಜನನ್ನು ವರ್ಷಗಟ್ಟಲೆಯ ನೋವಿನಿಂದ ಪಾರುಮಾಡೀತು.