ಹಳೆ ಸೈಕಲ್ಲಿನ ಆಕ್ಸಲ್

ಚಾಮರಾಜನಗರ, ಗುಂಡ್ಲುಪೇಟೆ ಸುತ್ತಿನ ಹಳ್ಳಿಗಳಲ್ಲಿ ಕೊಟ್ಟಿಗೆಯ ಪಕ್ಕ, ಹಿತ್ತಿಲ ಗೋಡೆಗೆ ಒರಗಿ ನಿಂತ ಹಳೆ ಸೈಕಲ್ಲುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಕೆಲವು ಅಜ್ಜಂದಿರ ಕಾಲದ ಅಟ್ಲಾಸ್, ಹರ್ಕ್ಯುಲಸ್. ಇನ್ನು ಕೆಲವು ಶಾಲೆಯಲ್ಲಿ ಕೊಟ್ಟವು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು. ಮೂಲೆ ಸೇರಿದ ಈ ಸೈಕಲ್ಲುಗಳನ್ನು ನಾವು ಹಾಳಾದವು ಎನ್ನುತ್ತೇವೆ. ಆದರೆ ಫ್ರೇಮು ಮುರಿದು ಮೂಲೆ ಸೇರುವ ಸೈಕಲ್ ಅಪರೂಪ. ಚಕ್ರ ಅಲ್ಲಾಡುತ್ತದೆ, ತುಳಿದರೆ ಭಾರ ಅನಿಸುತ್ತದೆ, ಕರಕರ ಸದ್ದು ಬರುತ್ತದೆ. ಈ ಮೂರೂ ದೂರಿನ ಬೇರು ಹೆಚ್ಚಾಗಿ ಚಕ್ರದ ನಡುವಿನ ಹಬ್ಬಿನೊಳಗೆ, ಆಕ್ಸಲ್ಲಿನ ಮೇಲೆ ಇರುತ್ತದೆ. ಅದನ್ನು ಸರಿಪಡಿಸುವ ಕೆಲಸವನ್ನು ಪ್ರತಿ ಪ್ರೌಢಶಾಲೆಯ ಮಕ್ಕಳೂ ಕಲಿಯಬೇಕು ಎಂಬುದು ನನ್ನ ವಾದ.

ಚಕ್ರ ಅಲ್ಲಾಡಿದರೆ ನಾವು ಮಾಡುವ ಮೊದಲ ಕೆಲಸ ಹೊರಗಿನ ನಟ್ಟನ್ನು ಇನ್ನಷ್ಟು ಬಿಗಿಯುವುದು. ಆ ನಟ್ಟು ಚಕ್ರವನ್ನು ಫ್ರೇಮಿಗೆ ಕಚ್ಚಿಸುತ್ತದೆ, ಅಷ್ಟೇ. ಅಲ್ಲಾಟ ಇರುವುದು ಒಳಗೆ. ಹಬ್ಬಿನ ಎರಡು ಬದಿಗೂ ಒಂದೊಂದು ಕಪ್, ಆಕ್ಸಲ್ಲಿನ ಮರೆಗಳ (ತಿರುಪಿನ ಸುತ್ತುಗಳ) ಮೇಲೆ ಕೂರುವ ಒಂದೊಂದು ಕೋನ್, ನಡುವೆ ಉಕ್ಕಿನ ಗುಂಡುಗಳು. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಬದಿಗೆ ಒಂಬತ್ತರಂತೆ ಕಾಲಿಂಚಿನ ಗುಂಡು. ಹೀಗೆ ಗುಂಡುಗಳ ಮೇಲೆ ತಿರುಗುವುದೇ ಬಾಲ್ ಬೇರಿಂಗ್; ಪ್ಯಾರಿಸ್ಸಿನ ಜ್ಯೂಲ್ ಸುರಿರೆ ಸೈಕಲ್ಲಿಗೆ ಅದರ ಪೇಟೆಂಟ್ ಪಡೆದದ್ದು 1869ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್‌ನಿಂದ ರೂಆನ್‌ವರೆಗಿನ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಅಂಥ ಬೇರಿಂಗ್ ಇದ್ದ ಸೈಕಲ್ಲಿನಲ್ಲಿ. ಕೋನ್ ಅತಿ ಬಿಗಿಯಾದರೆ ಗುಂಡುಗಳು ಕಪ್ಪನ್ನೂ ಕೋನನ್ನೂ ಕೊರೆಯುತ್ತವೆ. ಸಡಿಲವಾದರೆ ಇಡೀ ಭಾರ ಒಂದೆರಡು ಗುಂಡುಗಳ ಮೇಲೆ ಬೀಳುತ್ತದೆ. ಸೈಕಲ್ ಶಾಪಿನವರು ಓವರಾಯ್ಲಿಂಗ್ ಎನ್ನುವ ಕೆಲಸದ ಜೀವಾಳ ಈ ಹದ ಹಿಡಿಯುವುದರಲ್ಲಿದೆ. ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು, ಕೋನನ್ನು ಬೆಳಕಿಗೆ ಹಿಡಿದು ನೋಡಬೇಕು. ಗುಂಡು ಓಡಿದ ಜಾಡು ನುಣ್ಣಗೆ ಮಿರುಗುತ್ತಿದ್ದರೆ ಕೋನ್ ಗಟ್ಟಿ; ಸಿಡುಬಿನ ಕಲೆಯಂತೆ ಕುಳಿ ಬಿದ್ದಿದ್ದರೆ ಬದಲಿಸಬೇಕು. ಕಪ್ಪಿಗೆ ಗ್ರೀಸ್ ತುಂಬಿ, ಗುಂಡುಗಳನ್ನು ಅದರಲ್ಲೇ ಅಂಟಿಸಿ, ಕೋನನ್ನು ಬೆರಳಿನಿಂದಲೇ ತಿರುಗಿಸಿ ತಾಗಿಸಿ, ತುಸು ಹಿಂದಕ್ಕೆ ಬಿಡಬೇಕು. ಆಮೇಲೆ ತೆಳು ಸ್ಪ್ಯಾನರಿನಲ್ಲಿ ಕೋನನ್ನು ಅಲುಗದಂತೆ ಹಿಡಿದುಕೊಂಡು ಅದರ ಹೊರಗಿನ ಚೆಕ್‌ನಟ್ ಬಿಗಿಯಬೇಕು. ಚೆಕ್‌ನಟ್ ಬಿಗಿದಾಗ ಕೋನ್ ಮತ್ತೆ ಒಳಕ್ಕೆ ಒತ್ತಿಕೊಳ್ಳುತ್ತದೆ. ಮೊದಲೇ ಕೂದಲೆಳೆಯಷ್ಟು ಸಡಿಲ ಬಿಡುವುದು ಅದಕ್ಕೇ. ಹದ ಸರಿಯಾಗಿದ್ದರೆ, ಎತ್ತಿ ಹಿಡಿದ ಮುಂದಿನ ಚಕ್ರ ವಾಲ್ವಿನ ಭಾರಕ್ಕೇ ತಾನಾಗಿ ತಿರುಗಿ, ವಾಲ್ವು ಕೆಳಕ್ಕೆ ಬಂದು ನಿಲ್ಲುತ್ತದೆ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ.

ಇಷ್ಟೆಲ್ಲ ತಲೆನೋವು ಯಾಕೆ, ಈಗಿನ ಅನೇಕ ಗೇರ್ ಸೈಕಲ್ಲುಗಳಲ್ಲಿ ಸೀಲ್ ಮಾಡಿದ ಬೇರಿಂಗ್ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಅದಕ್ಕೆ ಧೂಳು ಅಷ್ಟು ಸುಲಭವಾಗಿ ಹೊಗುವುದಿಲ್ಲ, ಹದ ನೋಡುವ ಗೋಜೂ ಇಲ್ಲ. ಆದರೆ ಹೋದಾಗ ಪೂರ್ತಿ ಹೋಗುತ್ತದೆ. ಅದೇ ನಂಬರಿನ ಬೇರಿಂಗ್ ಸಿಗಬೇಕು, ಹಳೆಯದನ್ನು ಹೊರಗೆ ಒತ್ತಿ ತೆಗೆಯುವ ಸಾಧನ ಬೇಕು. ತೆರಕಣಾಂಬಿಯ ರೈತನೊಬ್ಬ ಅದಕ್ಕಾಗಿ ಗುಂಡ್ಲುಪೇಟೆಗೋ ಮೈಸೂರಿಗೋ ಹೋಗಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಕಪ್–ಕೋನಿನ ಹಬ್ಬು ಸವೆಯುತ್ತದೆ ನಿಜ, ಸವೆದಷ್ಟನ್ನು ತಿರುಗಿಸಿ ಸರಿದೂಗಿಸಿಕೊಳ್ಳಲೂ ಬಿಡುತ್ತದೆ. ಗುಂಡು ಹೋದರೆ ಗುಂಡು, ಕೋನ್ ಹೋದರೆ ಕೋನ್, ಬಿಡಿಬಿಡಿಯಾಗಿ ಬದಲಿಸಬಹುದು. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಯಲ್ಲಿ ಎರೆಮಣ್ಣಿನ ಕೆಸರು, ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು, ಮೇವಿನ ಹೊರೆ, ಅರಿಸಿನದ ಮೂಟೆ: ಈ ಸೀಮೆಯಲ್ಲಿ ಯಾವ ಬೇರಿಂಗಿಗೂ ಸುಖವಿಲ್ಲ. ಅದರಲ್ಲೂ ಹಿಂದಿನ ಆಕ್ಸಲ್ ಮುರಿಯುವುದು ಹೆಚ್ಚಾಗಿ ಫ್ರೀವೀಲಿನ ಬದಿಯಲ್ಲೇ. ಅಲ್ಲಿ ಗುಂಡುಗಳು ಫ್ರೀವೀಲಿಗಿಂತ ಒಳಗಿರುತ್ತವೆ. ಅಲ್ಲಿಂದ ಫ್ರೇಮಿನವರೆಗಿನ ತುಂಡಿಗೆ ಆಸರೆ ಇಲ್ಲ. ಕೋನ್ ಸಡಿಲವಿದ್ದಾಗ ಹೊರೆ ಹೇರಿದರೆ ಆ ತುಂಡಿನ ಮೇಲೆ ಏಟು ಬೀಳುತ್ತಲೇ ಇರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಈಗ ಸೈಕಲ್ ತುಳಿಯುವವರು ಯಾರು, ಮನೆಗೊಂದು ಬೈಕಿದೆ. ಬೈಕಿದೆ, ಆದರೆ ಅದು ಬೆಳಿಗ್ಗೆಯೇ ಯಜಮಾನನ ಜೊತೆ ಹೊಲಕ್ಕೋ ಪೇಟೆಗೋ ಹೋಗಿರುತ್ತದೆ. 16 ತುಂಬದವರಿಗೆ ಯಾವ ಮೋಟಾರು ವಾಹನದ ಲೈಸೆನ್ಸೂ ಸಿಗುವುದಿಲ್ಲ. ಎಂಟನೇ ತರಗತಿಯ ಹುಡುಗಿ ತನ್ನ ಇಷ್ಟದ ಹೊತ್ತಿಗೆ, ಯಾರನ್ನೂ ಕಾಯದೆ, ಊರಾಚೆಯ ಪ್ರೌಢಶಾಲೆಗೆ ಹೋಗಿ ಬರಬೇಕಾದರೆ ಸೈಕಲ್ಲೇ ಗತಿ. ಬಸ್ಸು ಹೆದ್ದಾರಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಳಗಿನ ಊರಿಗೆ ನಡಿಗೆಯೇ. ಹೊಸ ಸೈಕಲ್ ಕೊಡಿ ಎಂದು ಕೇಳುವುದು ನ್ಯಾಯವೇ, ಕೇಳಬೇಕು ಕೂಡ. ಆದರೆ ಕೊಟ್ಟ ಸೈಕಲ್ಲನ್ನು ಓಡಿಸಿಕೊಂಡು ಹೋಗುವ ವಿದ್ಯೆ ಜೊತೆಗೆ ಬರದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ಕೊಟ್ಟಿಗೆ ಸೇರುತ್ತದೆ.

ಶಾಲೆಗಳಲ್ಲಿ ಬ್ಯಾಗಿಲ್ಲದ ಸಂಭ್ರಮ ಶನಿವಾರ ಎಂಬ ದಿನವಿದೆ. ಒಂದು ಹಬ್ಬು ಬಿಚ್ಚಿ ಕೂಡಿಸಲು ಆ ಅರ್ಧ ದಿನ ಧಾರಾಳ ಸಾಕು. ಬೇಕಾಗುವುದು ಒಂದು ಜೊತೆ ಕೋನ್ ಸ್ಪ್ಯಾನರ್, ಗ್ರೀಸ್ ಡಬ್ಬಿ, ಒಂದು ಪೊಟ್ಟಣ ಗುಂಡು, ಹಳೆ ಬಟ್ಟೆ, ಗುಂಡು ಉರುಳಿಹೋಗದಂತೆ ಒಂದು ತಟ್ಟೆ. ಕಲಿಸಲು ಊರಿನ ಸೈಕಲ್ ಶಾಪಿನವರನ್ನೇ ಕರೆಯಬೇಕು, ಗೌರವಧನ ಕೊಟ್ಟು ಕರೆಯಬೇಕು. ಮಕ್ಕಳೇ ಕಲಿತರೆ ಶಾಪಿನವರ ಹೊಟ್ಟೆಪಾಡಿಗೆ ಪೆಟ್ಟಲ್ಲವೇ ಎಂಬ ಅಳುಕು ಬೇಡ. ಮೂಲೆಯಲ್ಲಿ ನಿಂತ ಸೈಕಲ್ಲಿನಿಂದ ಯಾವ ಶಾಪಿಗೂ ಸಂಪಾದನೆಯಿಲ್ಲ. ರಸ್ತೆಗೆ ಇಳಿದ ಸೈಕಲ್ಲಿಗೆ ಪಂಕ್ಚರ್ ಆಗುತ್ತದೆ, ಟೈರು ಸವೆಯುತ್ತದೆ, ಚೈನು ಬದಲಿಸಬೇಕಾಗುತ್ತದೆ, ರಿಮ್ಮಿನ ಬೆಂಡ್ ತೆಗೆಸಬೇಕಾಗುತ್ತದೆ.