ಮುನ್ನೂರು ಕಿಲೋಮೀಟರ್ ಎಂದರೆ ಎಷ್ಟು ದೂರ?



ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ನಡುವಣ ವಾಯುಮಾರ್ಗದ ದೂರ ಸುಮಾರು 300 ಕಿ.ಮೀ. ಭೂಮಿ ಗೋಳವಾದುದರಿಂದ, ಅದರ ಮೇಲ್ಮೈಯಲ್ಲಿ ಎರಡು ಸ್ಥಳಗಳನ್ನು ಕೂಡಿಸುವ ಅತಿ ಕಿರಿದಾದ ಗೆರೆಯ ಉದ್ದವೇ ಈ ಅಂಕಿ. ಎರಡೂ ಸ್ಥಳಗಳ ಅಕ್ಷಾಂಶ, ರೇಖಾಂಶಗಳು ತಿಳಿದರೆ ತ್ರಿಕೋನಮಿತಿಯಿಂದ ಇದನ್ನು ಲೆಕ್ಕ ಹಾಕಬಹುದು. ಆದರೆ ಆ ಲೆಕ್ಕದಲ್ಲಿ ಪಶ್ಚಿಮಘಟ್ಟವಿಲ್ಲ. ಇಳಿಜಾರಿನ ತೋಟವನ್ನು ಅಳೆಯುವ ಸರ್ವೆಯವರೂ ಸರಪಳಿಯನ್ನು ಮಟ್ಟವಾಗಿಯೇ ಹಿಡಿಯುತ್ತಾರೆ. ನಕ್ಷೆಗೆ ಅದು ಸರಿ; ಗೊಬ್ಬರದ ಮೂಟೆ ಹೊತ್ತು ಹತ್ತುವವನ ಕಾಲಿಗೆ ಸರಿಯಲ್ಲ.

ಇನ್ನು ಕಾಲದ ಮಾತು. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಈ ದೂರ 23 ನಿಮಿಷದ್ದಾಗಬೇಕು. ಹಾಗಾಗುವುದಿಲ್ಲ. ಏರಿ ಮಟ್ಟವಾಗುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಹಾರಾಟಕ್ಕೆ ಮುಕ್ಕಾಲು ಗಂಟೆಯ ಆಸುಪಾಸು, ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಥವಾ ತುಸು ಹೆಚ್ಚು. ಪಂಖಗಳಿಂದ ಸಾಗುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು ಮಾತ್ರ, ಇಷ್ಟು ಸಣ್ಣ ದೂರದಲ್ಲಿ ಅದು ಜೆಟ್‌ಗಿಂತ ಬಹಳ ಹಿಂದುಳಿಯದು, ಇಂಧನವನ್ನೂ ಕಡಿಮೆ ಸುಡುತ್ತದೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕವಿದರೆ ಇಳಿಯಲಾಗದೆ ಬೆಂಗಳೂರಿಗೇ ಹಿಂದಿರುಗುವುದೂ ಉಂಟು.

ನಗರದಿಂದ ದೇವನಹಳ್ಳಿಗೆ 35 ಕಿ.ಮೀ. ಪ್ರಯಾಣ, ಅಲ್ಲಿಯ ತಪಾಸಣೆ, ಕಾಯುವಿಕೆ, ಬಜ್ಪೆಯಿಂದ ಪೇಟೆಗೆ ಇಳಿಯುವ ಹಾದಿ ಇವೆಲ್ಲ ಸೇರಿದರೆ ಒಂದು ಗಂಟೆಯ ಪ್ರಯಾಣ ನಾಲ್ಕೈದು ಗಂಟೆಯದಾಗುತ್ತದೆ. ಸಕಲೇಶಪುರದ ರೈತನಿಗಂತೂ ವಿಮಾನ ಹತ್ತಲು ಶಿರಾಡಿ ಘಾಟಿ ಇಳಿದು ಸುಮಾರು 130 ಕಿ.ಮೀ. ಸಾಗಬೇಕು.

ಆದರೂ ‘ಆಕಾಶದಲ್ಲಿ ಒಂದು ಗಂಟೆ, ನೆಲದಲ್ಲಿ ಏಕೆ ಎಂಟು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಉತ್ತರವಾಗಿ ಜೆಸಿಬಿ ಬರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. 50 ಮೀಟರಿಗೆ ಒಂದು ಮೀಟರ್ ಏರು. ಅಲ್ಲಿ ರೈಲು ನಿಧಾನವಾಗಿ ಸಾಗುವುದು ಸೋಮಾರಿತನದಿಂದಲ್ಲ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ನೀರು ಕುಡಿದು ಭಾರವಾದ ಮಣ್ಣಿಗೆ ಆಸರೆ ತಪ್ಪುತ್ತದೆ. ಬೇರುಗಳು ಹಿಡಿದಿಡುವುದು ಮೇಲ್ಪದರವನ್ನಷ್ಟೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಶಿರಾಡಿಯಲ್ಲಿ ರಸ್ತೆ, ರೈಲು ಎರಡೂ ನಿಂತವು. 2024ರ ಜುಲೈಯಲ್ಲಿ ಯಡಕುಮಾರಿ ಬಳಿ ಹಳಿಯ ಅಡಿಯ ಮಣ್ಣು ಜಾರಿ ರೈಲು ಮತ್ತೆ ನಿಂತಿತು.

ವಿದ್ಯಾರ್ಥಿಗಳು ತಮ್ಮ ಊರಿನಿಂದ ತಾಲ್ಲೂಕು ಆಸ್ಪತ್ರೆಗಿರುವ ನೇರ ದೂರ, ರಸ್ತೆಯ ದೂರ, ಬೇಸಿಗೆಯಲ್ಲಿ ಹಿಡಿಯುವ ಸಮಯ, ಆಷಾಢದ ಮಳೆಯಲ್ಲಿ ಹಿಡಿಯುವ ಸಮಯ ಇವುಗಳನ್ನು ಬರೆದಿಡಲಿ. ರಸ್ತೆ ಅಗಲಿಸುವ ಪ್ರಸ್ತಾಪ ಗ್ರಾಮಸಭೆಗೆ ಬಂದ ದಿನ ಆ ನಾಲ್ಕು ಅಂಕಿಗಳು ಮೇಜಿನ ಮೇಲಿರಲಿ.